ಸಹಿ ಹಾಕದ ಡಿಕಿನ್ಸನ್

ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕಥೆ ಹೇಳುವವರಿಗೆ ಸಭೆಯೊಳಗೇ ಒಬ್ಬ ಎದುರಾಳಿ ಬೇಕಾಗುತ್ತಾನೆ. ದೊರೆ ಮೂರನೇ ಜಾರ್ಜ್ ಅಟ್ಲಾಂಟಿಕ್‌ನ ಆಚೆ ದಡದಲ್ಲಿದ್ದ. ಅವನನ್ನು ಫಿಲಡೆಲ್ಫಿಯಾದ ಸಭಾಂಗಣಕ್ಕೆ ಎಳೆದು ತರಲಾಗದು. ಹಾಗಾಗಿ ಆ ಪಾತ್ರ ಜಾನ್ ಡಿಕಿನ್ಸನ್ ಎಂಬ ವಕೀಲನ ಪಾಲಿಗೆ ಬಂದಿದೆ. 1969ರಲ್ಲಿ ಬ್ರಾಡ್‌ವೇ ರಂಗಭೂಮಿಗೆ ಬಂದು ಮೂರು ವರ್ಷಗಳ ಮೇಲೆ ಚಲನಚಿತ್ರವೂ ಆದ ‘1776’ ಎಂಬ ಸಂಗೀತ ನಾಟಕದಲ್ಲಿ, 2008ರ ‘ಜಾನ್ ಆಡಮ್ಸ್’ ಕಿರುತೆರೆ ಸರಣಿಯಲ್ಲಿ, ಶಾಲಾಪುಸ್ತಕಗಳ ಒಂದು ಸಾಲಿನ ಉಲ್ಲೇಖದಲ್ಲಿ ಆತ ಕಾಣಿಸಿಕೊಳ್ಳುವುದು ಹೆಚ್ಚುಕಡಿಮೆ ಒಂದೇ ವೇಷದಲ್ಲಿ: ಆಸ್ತಿವಂತ, ಅಂಜುಬುರುಕ, ದೊರೆಯ ಮೇಲಿನ ಮೋಹ ಬಿಡಲಾರದವನು, ಇತಿಹಾಸ ಬಾಗಿಲು ತಟ್ಟಿದಾಗ ಲೇಖನಿ ಕೆಳಗಿಟ್ಟವನು. 56 ಜನ ಸಹಿ ಹಾಕಿದರು, ಡಿಕಿನ್ಸನ್ ಹಾಕಲಿಲ್ಲ. ಆದ್ದರಿಂದ ಅವನು ಸ್ವಾತಂತ್ರ್ಯದ ವಿರೋಧಿ ಎಂಬುದು ಈ ಕಥೆಯ ತಿರುಳು.

ಈ ಅಭಿಪ್ರಾಯ ಗಾಳಿಯಿಂದ ಹುಟ್ಟಿದ್ದಲ್ಲ. ಅದರ ಬೆನ್ನಿಗೆ ಇರುವ ಸಾಕ್ಷ್ಯವನ್ನು ಮೊದಲು ಪೂರ್ತಿಯಾಗಿ ಒಪ್ಪಿಕೊಳ್ಳಬೇಕು. ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿ, ಬಂಕರ್ ಹಿಲ್‌ನಲ್ಲಿ ರಕ್ತ ಹರಿದ ಮೇಲೂ, 1775ರ ಜುಲೈನಲ್ಲಿ, ದೊರೆಗೆ ‘ಆಲಿವ್ ಕೊಂಬೆಯ ಮನವಿ’ ಎಂದು ಹೆಸರಾದ ಸಂಧಾನ ಪತ್ರವನ್ನು ಬರೆದವನು ಡಿಕಿನ್ಸನ್. ಅದೇ ವರ್ಷದ ನವೆಂಬರ್‌ನಲ್ಲಿ, ಬೇರ್ಪಡುವ ಯಾವ ಸೂಚನೆಗೂ ಒಪ್ಪಕೂಡದೆಂದು ಪೆನ್ಸಿಲ್ವೇನಿಯಾದ ಪ್ರತಿನಿಧಿಗಳಿಗೆ ಅಲ್ಲಿನ ಶಾಸನಸಭೆ ಕೊಟ್ಟ ಆದೇಶದ ಕರಡೂ ಅವನದೇ. 1776ರ ಜುಲೈ 1ರಂದು ವಸಾಹತುಗಳ ಪ್ರತಿನಿಧಿಸಭೆಯಾದ ಕಾಂಗ್ರೆಸ್ಸಿನಲ್ಲಿ ಎದ್ದು ನಿಂತು, ಘೋಷಣೆ ಈಗ ಬೇಡವೆಂದು ದೀರ್ಘವಾಗಿ ವಾದಿಸಿದ. ಮರುದಿನ ಮತದಾನದ ಹೊತ್ತಿಗೆ ತನ್ನ ಜಾಗದಲ್ಲಿ ಇರಲಿಲ್ಲ. ಡಿಸೆಂಬರ್‌ನಲ್ಲಿ ತಮ್ಮ ಫಿಲೆಮನ್‌ಗೆ ಕಾಗದ ಬರೆದು, ಕಾಂಗ್ರೆಸ್ ಅಚ್ಚು ಹಾಕಿಸಿದ ನೋಟುಗಳನ್ನು ತೆಗೆದುಕೊಳ್ಳಬೇಡ ಎಂದು ಬುದ್ಧಿ ಹೇಳಿದ. ಆ ಕಾಗದ ಅಧಿಕಾರಿಗಳ ಕೈಗೆ ಸಿಕ್ಕಿ ರಾದ್ಧಾಂತವಾಯಿತು. ಇಷ್ಟನ್ನೂ ಒಂದೇ ದಾರಕ್ಕೆ ಪೋಣಿಸಿದರೆ ಆರೋಪಪಟ್ಟಿ ಸಾಕಷ್ಟು ಗಟ್ಟಿಯಾಗಿಯೇ ಕಾಣುತ್ತದೆ.

ಆದರೆ ಇದರೊಳಗೆ ನಾಲ್ಕು ಬೇರೆ ಬೇರೆ ಆರೋಪಗಳು ಒಂದರ ವೇಷದಲ್ಲಿ ಇನ್ನೊಂದು ನಿಂತಿವೆ. ಸಹಿ ಹಾಕದಿರುವುದು ಒಂದು, ಸ್ವಾತಂತ್ರ್ಯವನ್ನು ಈಗಲೇ ಸಾರುವುದು ಬೇಡವೆನ್ನುವುದು ಇನ್ನೊಂದು, ಸ್ವಾತಂತ್ರ್ಯವೇ ಬೇಡವೆನ್ನುವುದು ಮತ್ತೊಂದು, ಪ್ರಾಣಕ್ಕೋ ಆಸ್ತಿಗೋ ಹೆದರಿ ಹಿಂದೆ ಸರಿಯುವುದು ಮಗದೊಂದು. ಮೊದಲನೆಯದನ್ನು ಸಾಬೀತುಮಾಡಿ ಉಳಿದ ಮೂರನ್ನೂ ಗೆದ್ದೆವೆಂದುಕೊಳ್ಳುವುದೇ ಇಲ್ಲಿನ ಗೊಂದಲ.

ಸಹಿಯಿಂದಲೇ ಶುರುಮಾಡೋಣ. ಜುಲೈ 4ರಂದು ಎಲ್ಲರೂ ಸಾಲಾಗಿ ನಿಂತು ಸಹಿ ಹಾಕಿದರೆಂಬುದು ಜನಜನಿತ ಚಿತ್ರ. ನಡೆದದ್ದು ಹಾಗಲ್ಲ. ಬೇರ್ಪಡುವ ನಿರ್ಣಯಕ್ಕೆ ಮತ ಬಿದ್ದದ್ದು ಜುಲೈ 2ರಂದು; ಘೋಷಣೆಯ ಪಠ್ಯಕ್ಕೆ ಒಪ್ಪಿಗೆ ಸಿಕ್ಕಿದ್ದು 4ರಂದು; ಚರ್ಮಪತ್ರದ ಪ್ರತಿಗೆ ಬಹುತೇಕರು ಸಹಿ ಹಾಕಿದ್ದು ಆಗಸ್ಟ್ 2ರಂದು. ಈ ಒಂದು ತಿಂಗಳ ಅಂತರ ಗಮನಕ್ಕೆ ಬಂದರೆ ಸಹಿಗೂ ನಿಲುವಿಗೂ ಇದೆಯೆಂದುಕೊಂಡ ನಂಟು ಸಡಿಲವಾಗುತ್ತದೆ:

1. ಡೆಲವೇರ್‌ನ ಜಾರ್ಜ್ ರೀಡ್ ಜುಲೈ 2ರಂದು ಸ್ವಾತಂತ್ರ್ಯದ ವಿರುದ್ಧ ಮತ ಹಾಕಿದ. ಅವನ ಮತವನ್ನು ಮೀರಿಸುವುದಕ್ಕೆಂದೇ ಸೀಸರ್ ರಾಡ್ನಿ ರಾತ್ರಿಯಿಡೀ ಮಳೆಯಲ್ಲಿ ಪ್ರಯಾಣ ಮಾಡಿ ಬರಬೇಕಾಯಿತು. ಆದರೆ ರೀಡ್ ಆಮೇಲೆ ಸಹಿ ಹಾಕಿದ. 56 ಜನರ ಪಟ್ಟಿಯಲ್ಲಿ ಗೌರವದ ಜಾಗ ಪಡೆದ.

2. ಪೆನ್ಸಿಲ್ವೇನಿಯಾದ ರಾಬರ್ಟ್ ಮಾರಿಸ್ ಜುಲೈ 2ರಂದು ಡಿಕಿನ್ಸನ್ನನ ಹಾಗೆಯೇ ಮತದಾನದಿಂದ ದೂರ ಉಳಿದ. ಅವನೂ ಆಗಸ್ಟ್‌ನಲ್ಲಿ ಸಹಿ ಹಾಕಿದ.

3. ಬೆಂಜಮಿನ್ ರಷ್ ಸೇರಿದಂತೆ ಪೆನ್ಸಿಲ್ವೇನಿಯಾದ ಐವರು ಸಹಿದಾರರು ಕಾಂಗ್ರೆಸ್ಸಿಗೆ ಆಯ್ಕೆಯಾದದ್ದೇ ಜುಲೈ 20ರಂದು. ಜುಲೈ 2ರ ಚರ್ಚೆಯಲ್ಲಿ ಅವರು ಒಂದು ಮಾತೂ ಆಡಿದವರಲ್ಲ, ಒಂದು ಮತವೂ ಹಾಕಿದವರಲ್ಲ.

4. ನ್ಯೂಯಾರ್ಕಿನ ರಾಬರ್ಟ್ ಲಿವಿಂಗ್ಸ್ಟನ್ ಘೋಷಣೆಯ ಕರಡು ಸಿದ್ಧಪಡಿಸಲು ನೇಮಕವಾದ ಐವರ ಸಮಿತಿಯಲ್ಲೇ ಇದ್ದ. ಅವನ ಸಹಿ ಅದರ ಮೇಲಿಲ್ಲ. ಅವನನ್ನು ಯಾರೂ ದ್ರೋಹಿ ಎಂದಿಲ್ಲ.

ಡಿಕಿನ್ಸನ್ ಆಗಸ್ಟ್ 2ರಂದು ಸಹಿ ಹಾಕಲಿಲ್ಲ, ನಿಜ. ಹಾಕಬೇಕೆಂದರೂ ಹಾಕುವ ಅಧಿಕಾರ ಅವನಿಗೆ ಉಳಿದಿರಲಿಲ್ಲ. ಅವನ ಬಾಯಲ್ಲಿ ಬಂದ ಮಾತಿಗಾಗಿ ಪೆನ್ಸಿಲ್ವೇನಿಯಾದ ಹೊಸ ಸಮಾವೇಶ ಜುಲೈ 20ರಂದು ಅವನನ್ನು ಪ್ರತಿನಿಧಿ ಸ್ಥಾನದಿಂದ ಕೈಬಿಟ್ಟಿತ್ತು. ಮಾರಿಸ್‌ನನ್ನು ಉಳಿಸಿಕೊಂಡಿತು. ಇಬ್ಬರೂ ಒಂದೇ ದಿನ ಒಂದೇ ರೀತಿ ನಡೆದುಕೊಂಡವರು. ಒಬ್ಬ ಸ್ಥಾಪಕ ಪಿತಾಮಹ, ಇನ್ನೊಬ್ಬ ಹಿಂಜರಿದವನು ಎಂದಾದದ್ದು ಚುನಾಯಿಸಿದವರ ನಿರ್ಧಾರದಿಂದ. ಸಹಿಯೇ ಒರೆಗಲ್ಲಾದರೆ ಅದನ್ನು ಇನ್ನೊಂದು ದಾಖಲೆಗೂ ಹಚ್ಚಬೇಕಾಗುತ್ತದೆ. ಡಿಕಿನ್ಸನ್ ಬರೆದ ಆ ಆಲಿವ್ ಕೊಂಬೆಯ ಮನವಿಗೆ ಯಾರು ಯಾರು ಸಹಿ ಮಾಡಿದ್ದರು? ಜಾನ್ ಆಡಮ್ಸ್, ಸ್ಯಾಮ್ಯುಯೆಲ್ ಆಡಮ್ಸ್, ಫ್ರಾಂಕ್ಲಿನ್, ಜೆಫರ್ಸನ್. ದೊರೆಗೆ ವಿನಯದಿಂದ ತಲೆಬಾಗುವ ಪತ್ರಕ್ಕೆ ಹೆಸರು ಹಾಕಿದ್ದಕ್ಕೆ ಇವರ ಮೇಲೆ ಯಾರೂ ಮೊಕದ್ದಮೆ ಹೂಡಿಲ್ಲ. ಅದು ಕಾಂಗ್ರೆಸ್ಸಿನ ಒಟ್ಟು ತಂತ್ರದ ಭಾಗವಾಗಿತ್ತು, ಒಳಗೊಳಗೆ ಜಾನ್ ಆಡಮ್ಸ್‌ಗೆ ಅದು ಒಪ್ಪಿಗೆಯಿರಲಿಲ್ಲ ಎಂದು ಯಾರಾದರೂ ಹೇಳಬಹುದು. ಸರಿಯೇ. ಆದರೆ ಹಾಗೆ ಹೇಳಿದ ಕೂಡಲೇ, ಒಬ್ಬನ ನಿಲುವನ್ನು ತಿಳಿಯಲು ಅವನ ಸಹಿ ಸಾಲದು ಎಂದು ಒಪ್ಪಿದಂತಾಯಿತು.

ಇನ್ನು ‘ದೊರೆಯ ಮೋಹ’ದ ಮಾತು. ಇದನ್ನು ತೂಗಿ ನೋಡಲು 1776ಕ್ಕಿಂತ ಹಿಂದಕ್ಕೆ ಹೋಗಬೇಕು. ಡಿಕಿನ್ಸನ್ 1732ರಲ್ಲಿ ಮೇರಿಲ್ಯಾಂಡ್‌ನಲ್ಲಿ ಹುಟ್ಟಿ ಡೆಲವೇರ್‌ನ ತಂದೆಯ ತೋಟದಲ್ಲಿ ಬೆಳೆದವನು. ಫಿಲಡೆಲ್ಫಿಯಾದಲ್ಲಿ ಒಬ್ಬ ವಕೀಲನ ಬಳಿ ಕಲಿತು, 1753ರಿಂದ 1757ರವರೆಗೆ ಲಂಡನ್ನಿನ ಮಿಡ್ಲ್ ಟೆಂಪಲ್‌ನಲ್ಲಿ ಕಾನೂನು ಓದಿದ. ಇಂಗ್ಲಿಷ್ ಸಂವಿಧಾನವನ್ನು ಅದರ ಗೂಡಿನಲ್ಲೇ ಕಂಡುಬಂದ ಮೇಲೆ ಅವನ ತಲೆಯಲ್ಲಿ ನಿಂತದ್ದು ಅರಸನ ವೈಭವವಲ್ಲ, ಅರಸನ ಕೈಯನ್ನು ಕಾನೂನು ಹೇಗೆ ಕಟ್ಟಿಹಾಕಬಹುದೆಂಬ ಲೆಕ್ಕ. 1764ರಲ್ಲಿ ಈ ಲೆಕ್ಕ ಮೊದಲ ಬಾರಿ ಪರೀಕ್ಷೆಗೆ ಒಡ್ಡಿಕೊಂಡಿತು. ಪೆನ್ಸಿಲ್ವೇನಿಯಾ ಆಗ ಪೆನ್ ಮನೆತನದ ಒಡೆತನದಲ್ಲಿತ್ತು. ತೆರಿಗೆಯ ವಿಷಯದಲ್ಲಿ ಆ ಮನೆತನದ ಜಿಗುಟುತನದಿಂದ ಶಾಸನಸಭೆ ರೋಸಿಹೋಗಿತ್ತು. ಈ ಒಡೆಯರನ್ನು ತೆಗೆದು, ವಸಾಹತನ್ನು ನೇರವಾಗಿ ದೊರೆಯೇ ವಹಿಸಿಕೊಳ್ಳಲಿ ಎಂದು ಮನವಿ ಹೊರಡಿಸಿದವರು ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಜೋಸೆಫ್ ಗ್ಯಾಲೋವೇ. ಬೇಡವೆಂದು ಎದ್ದುನಿಂತವನು ಡಿಕಿನ್ಸನ್. ಪೆನ್ ಮನೆತನ ಕೆಟ್ಟದ್ದೇ, ಆದರೆ 1701ರ ಹಕ್ಕುಪತ್ರ ಜನರಿಗೆ ಕೊಟ್ಟ ಧಾರ್ಮಿಕ ಸ್ವಾತಂತ್ರ್ಯದಂಥ ಸವಲತ್ತುಗಳು ಒಮ್ಮೆ ಕೈಬಿಟ್ಟರೆ ದೊರೆಯ ಮಂತ್ರಿಗಳು ಹಿಂತಿರುಗಿಸುತ್ತಾರೆಂಬ ಭರವಸೆ ಏನು ಎಂಬುದು ಅವನ ಪ್ರಶ್ನೆ. ಅಂದರೆ 1764ರಲ್ಲಿ ದೊರೆಯ ಆಳ್ವಿಕೆಯನ್ನು ಬಯಸಿದವನು ಮುಂದೆ ಘೋಷಣೆಗೆ ಸಹಿ ಹಾಕಿದ ಫ್ರಾಂಕ್ಲಿನ್. ತಡೆದವನು ಸಹಿ ಹಾಕದ ಡಿಕಿನ್ಸನ್. ಫ್ರಾಂಕ್ಲಿನ್ ಆಮೇಲೆ ಬದಲಾದ, ಅದು ಅವನ ಹಿರಿಮೆ. ಡಿಕಿನ್ಸನ್ ಮಾತ್ರ ಎರಡು ಬಾರಿಯೂ ಕೇಳಿದ್ದು ಒಂದೇ: ಇರುವುದನ್ನು ಬಿಡುವ ಮೊದಲು ಮುಂದಿನದು ಗಟ್ಟಿಯಾಗಿದೆಯೇ?

ಆಮೇಲಿನ ಹತ್ತು ವರ್ಷ ವಸಾಹತುಗಳ ವಾದಕ್ಕೆ ಕಾನೂನಿನ ಬೆನ್ನೆಲುಬು ಕೊಟ್ಟದ್ದು ಈತನ ಲೇಖನಿಯೇ. ಬ್ರಿಟಿಷ್ ಸಂಸತ್ತಿನ ಸ್ಟಾಂಪ್ ತೆರಿಗೆಯನ್ನು ವಿರೋಧಿಸಲು 1765ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಸ್ಟಾಂಪ್ ಕಾಯ್ದೆ ಕಾಂಗ್ರೆಸ್ಸಿನ ಹಕ್ಕುಗಳ ಘೋಷಣೆಗೆ ಮುಖ್ಯ ಕರಡು ಅವನದು. ಎರಡು ವರ್ಷದ ಬಳಿಕ ಟೌನ್‌ಶೆಂಡ್ ಕಾಯ್ದೆಗಳು ಗಾಜು, ಸೀಸ, ಬಣ್ಣ, ಕಾಗದ, ಚಹಾಗಳ ಮೇಲೆ ಸುಂಕ ಹಾಕಿದಾಗ, ‘ಪೆನ್ಸಿಲ್ವೇನಿಯಾದ ರೈತನೊಬ್ಬನ ಪತ್ರಗಳು’ ಎಂಬ ಹನ್ನೆರಡು ಲೇಖನಗಳ ಮಾಲೆ ಪತ್ರಿಕೆಯಲ್ಲಿ ಹೆಸರಿಲ್ಲದೆ ಬಂತು. (ರೈತ ಎಂಬುದು ಬರೀ ಸೋಗು. ತೋಟಗಳ ಒಡೆಯನೇನೋ ಹೌದು, ಆದರೆ ಹೊಟ್ಟೆಪಾಡು ವಕೀಲಿಕೆ. ಒಡೆತನದ ತೋಟಗಳಲ್ಲಿ ದುಡಿಯುತ್ತಿದ್ದವರು ಯಾರೆಂಬುದಕ್ಕೆ ಮುಂದೆ ಬರಬೇಕಾಗುತ್ತದೆ.) ಸ್ಟಾಂಪ್ ಕಾಯ್ದೆಯ ಗಲಾಟೆಯ ನಂತರ ಬ್ರಿಟಿಷ್ ಮಂತ್ರಿಗಳು ಒಂದು ಜಾಣತನ ಮಾಡಿದ್ದರು: ವಸಾಹತಿನ ಒಳಗೆ ವಸೂಲಾಗುವ ತೆರಿಗೆ ಬೇಡವೆಂದಿರಲ್ಲವೇ, ಇಗೋ ಬಂದರಿನಲ್ಲಿ ವಸೂಲಾಗುವ ಸುಂಕ, ಇದಕ್ಕೇನು ತಕರಾರು? ಡಿಕಿನ್ಸನ್ ಉತ್ತರ ಖಚಿತವಾಗಿತ್ತು. ತೆರಿಗೆ ಎಲ್ಲಿ ವಸೂಲಾಗುತ್ತದೆ ಎನ್ನುವುದು ಮುಖ್ಯವಲ್ಲ, ಯಾಕೆ ವಸೂಲಾಗುತ್ತದೆ ಎನ್ನುವುದು ಮುಖ್ಯ. ವ್ಯಾಪಾರವನ್ನು ನಿಯಂತ್ರಿಸಲು ಹಾಕಿದ ಸುಂಕ ಸಂಸತ್ತಿನ ಅಧಿಕಾರದೊಳಗಿನದು; ಬೊಕ್ಕಸ ತುಂಬಿಸಲು ಹಾಕಿದ್ದಾದರೆ ಅದು ಒಪ್ಪಿಗೆಯಿಲ್ಲದ ತೆರಿಗೆ, ಮೊತ್ತ ಎಷ್ಟೇ ಸಣ್ಣದಿರಲಿ. ಸಣ್ಣದಾದಷ್ಟೂ ಅಪಾಯ ಹೆಚ್ಚು, ಏಕೆಂದರೆ ಜನ ಪ್ರತಿಭಟಿಸದೆ ಕಟ್ಟಿಬಿಡುತ್ತಾರೆ, ಕಟ್ಟಿದ್ದೇ ನಾಳೆಗೆ ಪೂರ್ವನಿದರ್ಶನವಾಗುತ್ತದೆ. ವಸಾಹತುಗಳ ಬಹುಪಾಲು ಪತ್ರಿಕೆಗಳು ಈ ಪತ್ರಗಳನ್ನು ಮರುಮುದ್ರಿಸಿದವು. ಲಂಡನ್ ಆವೃತ್ತಿಗೆ ಫ್ರಾಂಕ್ಲಿನ್ನೇ ಮುನ್ನುಡಿ ಬರೆದ. 1769ರಲ್ಲಿ ಫ್ರೆಂಚಿನಲ್ಲೂ ಬಂತು. ಚಹಾದ ಮೇಲಿನ ಅಲ್ಪ ಸುಂಕಕ್ಕೆ 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಚಹಾವನ್ನೇ ನೀರಿಗೆ ಸುರಿದು ಕೊಟ್ಟ ಉತ್ತರದ ಹಿಂದೆ ಇದ್ದ ತರ್ಕವೂ ಇದೇ. ದೊರೆಯ ಮೋಹದಲ್ಲಿ ಸಿಲುಕಿದವನೊಬ್ಬ ಇಂಥದ್ದನ್ನು ಬರೆಯುವುದು ಕಷ್ಟ.

ಬರೆಯುವುದು ಬೇರೆ, ಬೇರ್ಪಡುವ ಧೈರ್ಯ ಬೇರೆ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಹಕ್ಕಿನ ಬಗ್ಗೆ ಚೆನ್ನಾಗಿ ಬರೆದವರೆಲ್ಲ ಹಕ್ಕಿಗಾಗಿ ನಿಲ್ಲುವುದಿಲ್ಲ, ಒಪ್ಪೋಣ. ಹಾಗಾದರೆ ಜುಲೈ 1ರ ಭಾಷಣವನ್ನೇ ನೋಡಬೇಕು. ಅದಕ್ಕಾಗಿ ಡಿಕಿನ್ಸನ್ ಕೈಯಾರೆ ಬರೆದಿಟ್ಟುಕೊಂಡ ಟಿಪ್ಪಣಿಗಳು ಉಳಿದಿವೆ. ಈ ಮಾತಿನಿಂದ ತನ್ನ ಜನಪ್ರಿಯತೆ ಮಣ್ಣುಪಾಲಾಗುತ್ತದೆಂದು ಆತ ಮೊದಲಿಗೇ ಹೇಳಿಕೊಂಡಿದ್ದಾನೆ. ದೊರೆಯ ಹೊಗಳಿಕೆಯ ಬದಲು ಅಲ್ಲಿರುವುದು ಕ್ರಮದ ಪ್ರಶ್ನೆ. ಜೂನ್ 7ರಂದು ರಿಚರ್ಡ್ ಹೆನ್ರಿ ಲೀ ಮಂಡಿಸಿದ ನಿರ್ಣಯದಲ್ಲಿ ಮೂರು ಅಂಗಗಳಿದ್ದವು: ಸ್ವಾತಂತ್ರ್ಯ, ವಿದೇಶಗಳೊಂದಿಗೆ ಮೈತ್ರಿ, ವಸಾಹತುಗಳ ಒಕ್ಕೂಟ. ಮೈತ್ರಿ ಕುದುರಲಿ, ಒಕ್ಕೂಟದ ಕರಾರು ಆಗಲಿ, ವಸಾಹತುಗಳ ನಡುವಿನ ಗಡಿ ತಕರಾರು ಬಗೆಹರಿಯಲಿ, ಆಮೇಲೆ ಘೋಷಣೆ ಎಂಬುದು ಡಿಕಿನ್ಸನ್ ವಾದ. ಇನ್ನೊಂದು ಮನೆ ಸಿದ್ಧವಾಗುವ ಮುನ್ನವೇ ನಡುಚಳಿಗಾಲದಲ್ಲಿ ಇದ್ದ ಮನೆ ಕೆಡವಬಾರದೆಂಬ ಅರ್ಥದ ಹೋಲಿಕೆಯನ್ನೂ ಕೊಟ್ಟ. ಫ್ರಾನ್ಸ್ ನಮ್ಮ ಕೈಹಿಡಿಯುತ್ತದೆಂದು ಲೆಕ್ಕ ಹಾಕಿ ಘೋಷಿಸಿಬಿಟ್ಟು, ಅದು ಹಿಡಿಯದಿದ್ದರೆ? ಆಗ ಬೇರ್ಪಟ್ಟ ಹದಿಮೂರು ಸಣ್ಣ ದೇಶಗಳು ಗಡಿಗಾಗಿ ತಮ್ಮತಮ್ಮಲ್ಲೇ ಕಿತ್ತಾಡುವುದಿಲ್ಲವೇ?

ಈ ವಾದ ಸರಿಯಿತ್ತೇ? ಇಲ್ಲಿ ಡಿಕಿನ್ಸನ್ ಪರ ವಕಾಲತ್ತು ವಹಿಸುವವರೂ ತಡೆದು ನಿಲ್ಲಬೇಕು. ಫ್ರಾನ್ಸಿನ ವಿಷಯದಲ್ಲಿ ಕೂಡಲೇ ಘೋಷಣೆ ಬೇಕೆನ್ನುತ್ತಿದ್ದ ಜಾನ್ ಆಡಮ್ಸ್ ಬಣದ ಉತ್ತರಕ್ಕೆ ತೂಕವಿತ್ತು: ಇನ್ನೊಬ್ಬ ದೊರೆಯ ಪ್ರಜೆಗಳೆಂದು ತಮ್ಮನ್ನೇ ಕರೆದುಕೊಳ್ಳುವವರೊಡನೆ ಯಾವ ರಾಜ್ಯ ಬಹಿರಂಗವಾಗಿ ಒಪ್ಪಂದ ಮಾಡಿಕೊಳ್ಳುತ್ತದೆ? ಮೈತ್ರಿ ಮೊದಲು, ಘೋಷಣೆ ಆಮೇಲೆ ಎಂಬ ಕ್ರಮ ಕಾಗದದ ಮೇಲೆ ಚೆಂದ, ಪ್ಯಾರಿಸ್‌ನಲ್ಲಿ ನಡೆಯುವಂಥದ್ದಲ್ಲ. ಇತ್ತ, ಘೋಷಣೆಯೊಂದೇ ಫ್ರಾನ್ಸನ್ನು ಎಳೆದು ತಂದಿತೆನ್ನುವುದೂ ಸುಳ್ಳು. ಗುಟ್ಟಾಗಿ ಹಣ ಕೊಡುವ ತೀರ್ಮಾನವನ್ನು ಲೂಯಿ ದೊರೆ 1776ರ ಮೇ ತಿಂಗಳಲ್ಲೇ ಮಾಡಿಯಾಗಿತ್ತು. ಬಹಿರಂಗ ಮೈತ್ರಿಗೆ ಸಾರಟೋಗಾದ ಗೆಲುವು ಬೇಕಾಯಿತು, 1778ರ ಫೆಬ್ರವರಿವರೆಗೆ ಕಾಯಬೇಕಾಯಿತು. ಒಕ್ಕೂಟದ ವಿಷಯದಲ್ಲಿ ಮಾತ್ರ ಡಿಕಿನ್ಸನ್ ಆತಂಕ ಅಕ್ಷರಶಃ ನಿಜವಾಯಿತು. ಒಕ್ಕೂಟದ ಕರಾರಿನ ಮೊದಲ ಕರಡನ್ನು ಬರೆದವನೂ ಅವನೇ. ಯಾವ ದೇಶದ ಹುಟ್ಟನ್ನೇ ವಿರೋಧಿಸಿದನೆನ್ನುತ್ತಾರೋ ಆ ದೇಶದ ಮೊದಲ ಸಂವಿಧಾನವನ್ನು, ಜುಲೈ 1ರ ಭಾಷಣದ ಆಸುಪಾಸಿನ ದಿನಗಳಲ್ಲೇ, ಆತ ಕೂತು ಬರೆಯುತ್ತಿದ್ದ. ಪಶ್ಚಿಮದ ಭೂಮಿಯ ಗಡಿ ನಿಗದಿ ಮಾಡುವ ಅಧಿಕಾರವನ್ನು ಆ ಕರಡು ಕಾಂಗ್ರೆಸ್ಸಿಗೆ ಕೊಟ್ಟಿತ್ತು. ಕಾಂಗ್ರೆಸ್ ಅದನ್ನು ಕಿತ್ತುಹಾಕಿತು. ಮುಂದೆ ಅದೇ ಪಶ್ಚಿಮದ ಭೂಮಿಯ ತಕರಾರಿನಿಂದ ಮೇರಿಲ್ಯಾಂಡ್ ಒಪ್ಪಿಗೆ ತಡೆಹಿಡಿದು, ಕರಾರು ಜಾರಿಗೆ ಬರುವಾಗ 1781ರ ಮಾರ್ಚ್ ಆಗಿತ್ತು. ಆದರೂ ಯುದ್ಧ ಕುಸಿಯಲಿಲ್ಲ, ರಾಜ್ಯಗಳು ಒಡೆದುಹೋಗಲಿಲ್ಲ. ಒಟ್ಟಿನಲ್ಲಿ, ಅಪಾಯವನ್ನು ಸರಿಯಾಗಿ ಗುರುತಿಸಿ ಅದರ ಗಾತ್ರವನ್ನು ಹೆಚ್ಚಿಗೆ ಅಂದಾಜು ಮಾಡಿದವನು ಎನ್ನಬಹುದು. ಅಂದಾಜು ತಪ್ಪುವುದಕ್ಕೂ ಬದ್ಧತೆ ಇಲ್ಲದಿರುವುದಕ್ಕೂ ಬಹಳ ದೂರ.

ಜುಲೈ 2ರ ಗೈರುಹಾಜರಿಯನ್ನು ಹೇಡಿತನವೆನ್ನುವವರು ಒಂದು ಸಣ್ಣ ಲೆಕ್ಕ ಮಾಡಬೇಕು. ಪ್ರತಿ ವಸಾಹತಿಗೆ ಒಂದೇ ಮತ. ಒಳಗಿನ ಪ್ರತಿನಿಧಿಗಳ ಬಹುಮತ ಅದನ್ನು ತೀರ್ಮಾನಿಸುತ್ತಿತ್ತು. ಜುಲೈ 1ರ ಪ್ರಾಥಮಿಕ ಮತದಲ್ಲಿ ಪೆನ್ಸಿಲ್ವೇನಿಯಾ ವಿರುದ್ಧವಾಗಿತ್ತು. ಮರುದಿನ ಫ್ರಾಂಕ್ಲಿನ್, ಜೇಮ್ಸ್ ವಿಲ್ಸನ್, ಜಾನ್ ಮಾರ್ಟನ್ ಪರವಾಗಿ. ಥಾಮಸ್ ವಿಲ್ಲಿಂಗ್, ಚಾರ್ಲ್ಸ್ ಹಂಫ್ರೀಸ್ ವಿರುದ್ಧವಾಗಿ. ಡಿಕಿನ್ಸನ್, ಮಾರಿಸ್ ಬಂದು ಕೂತಿದ್ದರೆ ನಾಲ್ಕು–ಮೂರರಿಂದ ಪೆನ್ಸಿಲ್ವೇನಿಯಾ ಸ್ವಾತಂತ್ರ್ಯದ ವಿರುದ್ಧ ನಿಲ್ಲುತ್ತಿತ್ತು. ನ್ಯೂಯಾರ್ಕ್ ಹೇಗೂ ಮತ ಹಾಕಲಿಲ್ಲ. ಕಾಂಗ್ರೆಸ್ ಸೇರುತ್ತಿದ್ದ ನೆಲವೇ ಬೇಡವೆಂದಿದ್ದರೆ ಘೋಷಣೆಯ ಸರ್ವಾನುಮತದ ಮಾತು ಅಲ್ಲಿಗೇ ಮುಗಿಯುತ್ತಿತ್ತು. ತಡೆಯುವ ಮತ ಕೈಯಲ್ಲಿದ್ದೂ ಅದನ್ನು ಚಲಾಯಿಸದೆ ದಾರಿ ಬಿಟ್ಟವನು ಅಡ್ಡಗಾಲು ಹಾಕಿದವನು ಹೇಗಾಗುತ್ತಾನೆ? ಹಾಗಾದರೆ ಒಪ್ಪಿ ಮತ ಹಾಕಬಹುದಿತ್ತಲ್ಲ, ಗೈರಾಗುವುದು ಜಾರಿಕೊಳ್ಳುವ ಉಪಾಯವಲ್ಲವೇ ಎನ್ನಬಹುದು. ಜಾರಿಕೊಳ್ಳುವವನು ಹಿಂದಿನ ದಿನವೇ ಮೌನವಾಗಿರುತ್ತಿದ್ದ. ಎಲ್ಲರ ಎದುರು ವಿರೋಧದ ಭಾಷಣ ಮಾಡಿ ಹೆಸರು ಕೆಡಿಸಿಕೊಂಡ ಮೇಲೆ ಜಾರಿಕೊಳ್ಳಲು ಏನು ಉಳಿದಿರುತ್ತದೆ?

ನಿಜವಾದ ವಿರೋಧ ಹೇಗಿರುತ್ತದೆಂದು ತಿಳಿಯಲು ದೂರ ಹೋಗಬೇಕಿಲ್ಲ. ಜೋಸೆಫ್ ಗ್ಯಾಲೋವೇ ಇದ್ದಾನೆ. ಅವನೂ ಫಿಲಡೆಲ್ಫಿಯಾದ ವಕೀಲ, ಅವನೂ ಶಾಸನಸಭೆಯ ಮುಖಂಡ, 1774ರಲ್ಲಿ ಬ್ರಿಟನ್ನಿನೊಂದಿಗೆ ರಾಜಿಯ ಯೋಜನೆ ಮಂಡಿಸಿದವನು. ಯುದ್ಧ ಬಂದಾಗ ಬ್ರಿಟಿಷರ ಪಾಳೆಯ ಸೇರಿ, ಅವರು ಫಿಲಡೆಲ್ಫಿಯಾ ಹಿಡಿದಾಗ ಅವರ ಪರವಾಗಿ ನಗರದ ಆಡಳಿತ ನಡೆಸಿ, ಕಡೆಗೆ ಇಂಗ್ಲೆಂಡಿಗೆ ಹೊರಟುಹೋದ. ಡಿಕಿನ್ಸನ್ ಅದೇ ಜುಲೈ ತಿಂಗಳಲ್ಲಿ ಮಾಡಿದ್ದೇನು? ಫಿಲಡೆಲ್ಫಿಯಾದ ಮೊದಲ ಬೆಟಾಲಿಯನ್ನಿನ ಕರ್ನಲ್ ಆಗಿ ತನ್ನ ಪಡೆಯನ್ನು ನ್ಯೂಜರ್ಸಿಯ ಎಲಿಜಬೆತ್‌ಟೌನ್‌ಗೆ ನಡೆಸಿಕೊಂಡು ಹೋದ. ಎದುರಿನ ಸ್ಟೇಟನ್ ದ್ವೀಪದಲ್ಲಿ ಬ್ರಿಟಿಷ್ ಸೇನೆ ಇಳಿದಿತ್ತು. ತಾನು ಬೇಡವೆಂದ ಘೋಷಣೆಯ ರಕ್ಷಣೆಗೆ ಬಂದೂಕು ಹಿಡಿದು ನಿಂತ ಹೊತ್ತಿನಲ್ಲೇ ಹಿಂದೆ ಅವನನ್ನು ಕಾಂಗ್ರೆಸ್ಸಿನಿಂದ ತೆಗೆದದ್ದು. ತಾಯಿ, ಹೆಂಡತಿ ಇಬ್ಬರೂ ಕ್ವೇಕರ್ ಪಂಥದವರು, ಯುದ್ಧ ಕಂಡರಾಗದವರು, ಅವರ ಒತ್ತಡಕ್ಕೆ ಮಣಿದನೆಂಬ ಇನ್ನೊಂದು ವಿವರಣೆ ಆಡಮ್ಸ್‌ನ ಆತ್ಮಕಥನದಿಂದ ಹಬ್ಬಿದೆ. ಕ್ವೇಕರ್ ಪರಿಸರದ ಛಾಯೆ ಅವನ ಮೇಲೆ ಇದ್ದದ್ದು ಹೌದು. ಆದರೆ ಆತ್ಮರಕ್ಷಣೆಯ ಯುದ್ಧ ನ್ಯಾಯವೆಂದು ನಂಬಿ ಸಮವಸ್ತ್ರ ತೊಟ್ಟವನನ್ನು ಮನೆಯ ಶಾಂತಿವಾದಕ್ಕೆ ಸೋತವನೆನ್ನುವುದು ತಾಳೆಯಾಗದ ಮಾತು.

ಆರೋಪಪಟ್ಟಿಯಲ್ಲಿ ಅತ್ಯಂತ ಗಟ್ಟಿಯಾದದ್ದು ಆ ವರ್ಷದ ಕಡೆಯ ತಿಂಗಳುಗಳದು. ಸೆಪ್ಟೆಂಬರ್ ಕೊನೆಯಲ್ಲಿ, ಬೇರೆ ಅಧಿಕಾರಿಗಳನ್ನು ತನ್ನ ಮೇಲೆ ಏರಿಸಿದರೆಂದು ಸೇನೆಯ ಹುದ್ದೆಗೆ ರಾಜೀನಾಮೆ ಕೊಟ್ಟು ಡೆಲವೇರ್‌ನ ತೋಟಕ್ಕೆ ಹೋದ. ನೋಟು ಮುಟ್ಟಬೇಡವೆಂಬ ಕಾಗದ ಬರೆದದ್ದು ಆಗಲೇ, ವಾಷಿಂಗ್ಟನ್ ಸೇನೆ ಸೋತು ಹಿಂದೆ ಸರಿಯುತ್ತಿದ್ದ ದಿನಗಳಲ್ಲಿ. ಇದನ್ನು ಸಮರ್ಥಿಸುವುದು ಕಷ್ಟ. ಯುದ್ಧ ನಡೆಯುತ್ತಿದ್ದದ್ದೇ ಆ ನೋಟುಗಳ ಮೇಲೆ. ದೇಶದ ಮುಖಂಡನೊಬ್ಬ ತನ್ನ ಮನೆಯವರ ಗಂಟನ್ನು ಕಾಪಾಡಲು ಅವನ್ನು ಅಪನಂಬಿಕೆಯಿಂದ ಕಂಡದ್ದು ಸಣ್ಣತನ. ಇಷ್ಟು ಒಪ್ಪಿಕೊಂಡೂ, ಸಣ್ಣತನದ ಆ ಗಳಿಗೆಯಿಂದ ಇಡೀ ಬಾಳಿನ ತೀರ್ಪು ಬರೆಯಬೇಕಾದರೆ ಮುಂದಿನ ವರ್ಷವನ್ನು ಅಳಿಸಿಹಾಕಬೇಕಾಗುತ್ತದೆ. 1777ರಲ್ಲಿ ಬ್ರಿಟಿಷರು ಡೆಲವೇರ್ ಕಡೆಯಿಂದ ನುಗ್ಗಿದಾಗ ಈ ಮಾಜಿ ಕರ್ನಲ್ ಅಲ್ಲಿನ ನಾಗರಿಕ ಸೇನೆಯಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದ. ಆ ನವೆಂಬರ್‌ನಲ್ಲಿ ಫಿಲಡೆಲ್ಫಿಯಾ ಹೊರವಲಯದ ಅವನ ಫೇರ್‌ಹಿಲ್ ಮನೆಯನ್ನು ಬ್ರಿಟಿಷ್ ಸೈನಿಕರು ಸುಟ್ಟರು. 1779ರಲ್ಲಿ ಡೆಲವೇರ್ ಅವನನ್ನು ಮತ್ತೆ ಕಾಂಗ್ರೆಸ್ಸಿಗೆ ಕಳಿಸಿತು. ಒಕ್ಕೂಟದ ಕರಾರಿಗೆ ಅವನ ಸಹಿ ಬಿದ್ದದ್ದು ಆಗ. ಆಮೇಲೆ ಮೊದಲು ಡೆಲವೇರ್‌ಗೆ, ಬಳಿಕ ಪೆನ್ಸಿಲ್ವೇನಿಯಾಕ್ಕೆ ಅಧ್ಯಕ್ಷ. ಜೊತೆಯಲ್ಲಿದ್ದು ನೋಡಿದ ಜನ ದ್ರೋಹಿಗೆ ಎರಡೆರಡು ರಾಜ್ಯಗಳ ಚುಕ್ಕಾಣಿ ಕೊಡುವಷ್ಟು ಮರೆಗುಳಿಗಳಾಗಿರಲಿಲ್ಲ.

ಮತ್ತೆ ಈ ಚಿತ್ರ ಎಲ್ಲಿಂದ ಬಂತು? ಬಹುಪಾಲು ಜಾನ್ ಆಡಮ್ಸ್‌ನ ಕಾಗದ, ದಿನಚರಿ, ಆತ್ಮಕಥನಗಳಿಂದ. ಡಿಕಿನ್ಸನ್ ಬಳಿ ಹಣ ದೊಡ್ಡದು, ಪ್ರತಿಭೆ ಅಲ್ಪ ಎಂದು ಹಂಗಿಸಿ ಆಡಮ್ಸ್ 1775ರ ಜುಲೈನಲ್ಲಿ ಗೆಳೆಯನಿಗೆ ಬರೆದ ಕಾಗದ ಬ್ರಿಟಿಷರ ಕೈಗೆ ಸಿಕ್ಕಿ ಪತ್ರಿಕೆಯಲ್ಲಿ ಅಚ್ಚಾಯಿತು. ಅಲ್ಲಿಂದಾಚೆ ಇಬ್ಬರ ನಡುವೆ ಮಾತಿಲ್ಲ. ಆಡಮ್ಸ್ ಸೊಗಸಾಗಿ ಬರೆಯಬಲ್ಲವನು, ದೀರ್ಘಾಯುಷಿ, ತನ್ನ ನೆನಪುಗಳನ್ನು ಜೋಪಾನ ಮಾಡಿಟ್ಟವನು. ಎದುರುಪಕ್ಷದ ವಕೀಲನ ವಾದವನ್ನೇ ತೀರ್ಪೆಂದು ನಕಲು ಮಾಡಿಕೊಂಡು ಬಂದರೆ ಇಂಥ ಚಿತ್ರ ಸಿಗುತ್ತದೆ. ಜುಲೈ 2ರಂದು ಎದುರು ಮತ ಹಾಕಿ ಎಂದೂ ಸಹಿ ಹಾಕದ ಥಾಮಸ್ ವಿಲ್ಲಿಂಗ್ ಮುಂದೆ ಹೊಸ ದೇಶದ ರಾಷ್ಟ್ರೀಯ ಬ್ಯಾಂಕಿನ ಮೊದಲ ಅಧ್ಯಕ್ಷನಾದ. ಅವನ ಮೇಲೆ ಯಾರೂ ನಾಟಕ ಕಟ್ಟಲಿಲ್ಲ, ಆಡಮ್ಸ್‌ಗೆ ಅವನ ಮೇಲೆ ಅಷ್ಟು ಸಿಟ್ಟಿರಲಿಲ್ಲ.

1787ರ ಸಂವಿಧಾನ ಸಮಾವೇಶಕ್ಕೆ ಡೆಲವೇರ್‌ನಿಂದ ಬಂದ ಡಿಕಿನ್ಸನ್, ಸೆನೆಟ್ ಸದಸ್ಯರನ್ನು ರಾಜ್ಯಗಳ ಶಾಸನಸಭೆಗಳೇ ಆರಿಸಲಿ ಎಂದು ಜೂನ್ 7ರಂದು ಸೂಚಿಸಿ ಒಪ್ಪಿಸಿದ. ಆ ಏರ್ಪಾಡು 1913ರ ಹದಿನೇಳನೆಯ ತಿದ್ದುಪಡಿಯವರೆಗೆ ನಡೆದುಬಂತು. ಅನಾರೋಗ್ಯದಿಂದ ಬೇಗ ಊರಿಗೆ ಹೊರಡಬೇಕಾಗಿ, ತನ್ನ ಹೆಸರನ್ನು ಸಂವಿಧಾನಕ್ಕೆ ಹಾಕುವ ಕೆಲಸವನ್ನು ಸಹಪ್ರತಿನಿಧಿಗೆ ಒಪ್ಪಿಸಿದ. ಹಾಗಾಗಿ ಆ ದಾಖಲೆಯಲ್ಲಿರುವ ಡಿಕಿನ್ಸನ್ ಸಹಿ ಅವನ ಕೈಬರಹವಲ್ಲ. ಹಾಕಿದವನು ಜಾರ್ಜ್ ರೀಡ್. ಸ್ವಾತಂತ್ರ್ಯದ ವಿರುದ್ಧ ಮತ ಹಾಕಿ ಘೋಷಣೆಗೆ ಸಹಿ ಮಾಡಿದ ಅದೇ ರೀಡ್.

ಇತ್ತೀಚೆಗೆ ಗಾಳಿ ತಿರುಗಿದೆ. ಡಿಕಿನ್ಸನ್ ಬರಹಗಳ ಹೊಸ ಸಂಪುಟಗಳು ಬರುತ್ತಿವೆ, ವಿದ್ವಾಂಸರು ಅವನಿಗೆ ನ್ಯಾಯ ಒದಗಿಸುತ್ತಿದ್ದಾರೆ. ಜೊತೆಗೇ ಅವನನ್ನು ಎಲ್ಲ ಕಾಲಕ್ಕೂ ವಿವೇಕದ ಮೂರ್ತಿಯೆಂದು ನಿಲ್ಲಿಸುವ ಉತ್ಸಾಹವೂ ಕಾಣುತ್ತಿದೆ. ಅವನ ಪರವಾಗಿ ತೋರಿಸುವ ಮುಖ್ಯ ಸಾಕ್ಷ್ಯ ಗುಲಾಮಗಿರಿಯ ವಿಷಯದ್ದು. ಡೆಲವೇರ್‌ನ ದೊಡ್ಡ ಗುಲಾಮ ಒಡೆಯರಲ್ಲಿ ಒಬ್ಬನಾಗಿದ್ದ ಆತ ತನ್ನ ಗುಲಾಮರನ್ನೆಲ್ಲ ಬಿಡುಗಡೆ ಮಾಡಿದ. 1787ರ ಸಮಾವೇಶದಲ್ಲಿ ಗುಲಾಮರ ಆಮದಿಗೆ ಸಂವಿಧಾನದ ರಕ್ಷಣೆ ಕೊಡುವುದನ್ನು ವಿರೋಧಿಸಿದ. ಘೋಷಣೆ ಬರೆದ ಜೆಫರ್ಸನ್ ನೂರಾರು ಜನರನ್ನು ಸಾಯುವತನಕ ಗುಲಾಮರಾಗಿಯೇ ಇಟ್ಟುಕೊಂಡಿದ್ದನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಆದರೆ ಬಿಡುಗಡೆಯ ಪತ್ರವನ್ನು ಬಿಡಿಸಿ ಓದಬೇಕು. 1777ರ ಮೇ ತಿಂಗಳಲ್ಲಿ ಆತ 37 ಜನರಿಗೆ ಬರೆದುಕೊಟ್ಟದ್ದು ಷರತ್ತಿನ ಬಿಡುಗಡೆ: ಇನ್ನೂ 21 ವರ್ಷದವರೆಗೆ ದುಡಿದುಕೊಟ್ಟ ಮೇಲೆ ಸ್ವತಂತ್ರರು. ಷರತ್ತಿಲ್ಲದ ಬಿಡುಗಡೆಗೆ ಇನ್ನೂ ಎಂಟು ಒಂಬತ್ತು ವರ್ಷ ಹಿಡಿಯಿತು. ‘ಈಗ ಬೇಡ, ವ್ಯವಸ್ಥೆ ಆಗಲಿ’ ಎಂಬ ಅದೇ ಕ್ರಮವಾದ ಇಲ್ಲಿಯೂ ಕೆಲಸ ಮಾಡಿದೆ. ಜುಲೈ 1ರ ಸಭೆಯಲ್ಲಿ ಆ ವಾದಕ್ಕೆ ಮರ್ಯಾದೆಯಿತ್ತು, ಏಕೆಂದರೆ ಅವಸರದ ಬೆಲೆಯನ್ನೂ ತಡದ ಬೆಲೆಯನ್ನೂ ವಾದ ಮಾಡುವವರೇ ತೆರಬೇಕಿತ್ತು: ಸುಡುವುದಾದರೆ ಅವರ ಮನೆ, ನೇಣು ಬೀಳುವುದಾದರೆ ಅವರ ಕೊರಳಿಗೆ. ತೋಟದಲ್ಲಿ ಹಾಗಿರಲಿಲ್ಲ. ಅಲ್ಲಿ ಕಾಯುವ ನಿರ್ಧಾರ ಒಡೆಯನದು, ಕಾದ ವರ್ಷಗಳು ದುಡಿಯುವವರವು. ತೆರಿಗೆ ಸಣ್ಣದೆಂದು ಒಪ್ಪಿಕೊಂಡರೆ ಅದೇ ಪೂರ್ವನಿದರ್ಶನವಾಗುತ್ತದೆಂದು ಬರೆದ ವಕೀಲ ಈ ವ್ಯತ್ಯಾಸವನ್ನು ಕಾಣಬಹುದಿತ್ತು, ಕಾಣಲು ಬಹಳ ಹೊತ್ತು ತೆಗೆದುಕೊಂಡ. ಅವನ ಮೇಲೆ ಹೊರಿಸಬಹುದಾದ ನಿಜವಾದ ಆರೋಪ ಇದು. ಫಿಲಡೆಲ್ಫಿಯಾದ ಚರ್ಮಪತ್ರದಲ್ಲಿ ಖಾಲಿ ಉಳಿದ ಜಾಗಕ್ಕೂ ಇದಕ್ಕೂ ಸಂಬಂಧವಿಲ್ಲ. ಅವನು 1808ರಲ್ಲಿ ವಿಲ್ಮಿಂಗ್ಟನ್ನಿನಲ್ಲಿ ತೀರಿಕೊಂಡ. ಅವನ ಡೆಲವೇರ್, ಗುಲಾಮಗಿರಿಯನ್ನು ರದ್ದುಮಾಡುವ ಹದಿಮೂರನೆಯ ತಿದ್ದುಪಡಿಯನ್ನು 1865ರ ಫೆಬ್ರವರಿಯಲ್ಲಿ ತಿರಸ್ಕರಿಸಿತು. ಉಳಿದ ರಾಜ್ಯಗಳ ಮತದಿಂದ ಆ ತಿದ್ದುಪಡಿ ಜಾರಿಯಾದ ಡಿಸೆಂಬರ್‌ವರೆಗೂ ಅಲ್ಲಿ ಮನುಷ್ಯರನ್ನು ಆಸ್ತಿಯಾಗಿ ಇಟ್ಟುಕೊಳ್ಳುವುದು ಕಾನೂನುಬದ್ಧವಾಗಿತ್ತು.